ಹೊಲಿಗೆ ಬಿಚ್ಚಿದ ಮೇಲೆ

ನನ್ನ ತಂಗಿಯ ಮಗ 2016ರ ಜೂನ್ ತಿಂಗಳ ಒಂದು ಸಂಜೆ ಶಿವಮೊಗ್ಗದಿಂದ ಊರಿಗೆ ಬೈಕಿನಲ್ಲಿ ಬರುವಾಗ, ಮಳೆಗೆ ನೆನೆದ ರಸ್ತೆಯಲ್ಲಿ ಜಾರಿ ಬಿದ್ದ. ಹೆಲ್ಮೆಟ್ ಇತ್ತು. ಆದರೆ ಅದು ಇದ್ದದ್ದು ತಲೆಯ ಮೇಲಲ್ಲ, ಪೆಟ್ರೋಲ್ ಟ್ಯಾಂಕಿನ ಮೇಲೆ. ಪೊಲೀಸರು ನಿಲ್ಲುವ ಸರ್ಕಲ್ ದಾಟಿದ ಕೂಡಲೇ ತೆಗೆದು ಮುಂದಿಟ್ಟುಕೊಂಡಿದ್ದನಂತೆ. ಆ ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಈಗಲೂ ತಂಗಿಯ ಮನೆಯ ಅಟ್ಟದಲ್ಲಿದೆ. ಎಸೆಯಲು ಅವಳಿಗೆ ಮನಸ್ಸಿಲ್ಲ, ಬೇರೆಯವರಿಗೆ ಕೊಡಲೂ ಮನಸ್ಸಿಲ್ಲ.

ನಾನು ಡಾಕ್ಟರಲ್ಲ. ಬಿ.ಕಾಂ. ಓದಿ 37 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ಇಲ್ಲಿ ಬರುವ ವೈದ್ಯಕೀಯ ವಿಷಯವೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿದ್ದು, ಆಮೇಲೆ ಓದಿ ತಾಳೆ ನೋಡಿದ್ದು. ತಲೆಗೆ ಪೆಟ್ಟು ಬಿದ್ದರೆ ಆಪರೇಷನ್ ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಆಪರೇಷನ್ ಆದ ಮೇಲೂ ಚಿಕಿತ್ಸೆಯೊಂದಿದೆ, ಅದನ್ನು ಮಾಡಲು ಐದಾರು ಬಗೆಯ ಜನ ಬೇಕು ಎಂಬುದು ನಮಗೆ ಸುಮಾರು ಒಂದು ವರ್ಷ ಗೊತ್ತೇ ಇರಲಿಲ್ಲ. ಆ ಒಂದು ವರ್ಷ ಹುಡುಗನ ಪಾಲಿಗೆ ನಷ್ಟವಾಯಿತು. ಅದರಲ್ಲಿ ನನ್ನ ತಪ್ಪೂ ಇದೆ.

ಮಿದುಳಿನ ತೂಕ ಸುಮಾರು 1,400 ಗ್ರಾಂ. ನಮ್ಮ ಕಡೆ ಮಾಡುವ ಹಾಲುಬಾಯಿಯನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ಮೆತ್ತಗೆ. ಅದು ತಲೆಬುರುಡೆಯೊಳಗೆ ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಓಡುವ ಬೈಕು ಥಟ್ಟನೆ ನಿಂತು ತಲೆ ನೆಲಕ್ಕೆ ಬಡಿದಾಗ ಬುರುಡೆ ನಿಲ್ಲುತ್ತದೆ, ಒಳಗಿನದು ನಿಲ್ಲುವುದಿಲ್ಲ. ಮುಂದಿನ ಗೋಡೆಗೆ ಬಡಿದು, ವಾಪಸು ಬಂದು ಹಿಂದಿನ ಗೋಡೆಗೂ ಬಡಿಯಬಹುದು. ಡಬ್ಬಿಯಲ್ಲಿ ಹಾಲುಬಾಯಿ ಹಾಕಿ ಜೋರಾಗಿ ಕುಲುಕಿದರೆ ಹೇಗೋ ಹಾಗೆ. ಈ ಎಳೆದಾಟದಲ್ಲಿ ನರತಂತುಗಳು ಹಿಗ್ಗಿ ಹರಿಯುತ್ತವೆ. ಎಷ್ಟೋ ಸಲ ಇದು ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ‘ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಆದರೂ ಹುಡುಗ ಸರಿ ಇಲ್ಲ’ ಎಂದು ಮನೆಯವರು ಹೇಳಿದರೆ ಅವರನ್ನು ಗದರಿಸಬಾರದು. ಮೇಲಿಂದ ಮಿದುಳು ಊದಿಕೊಳ್ಳುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ, ಬುರುಡೆ ಹಿಗ್ಗುವುದಿಲ್ಲ. ಊದಿದ್ದಕ್ಕೆ ಜಾಗ ಮಾಡಿಕೊಡಲು ಮೂಳೆಯ ಒಂದು ತುಂಡನ್ನೇ ತೆಗೆದಿಡಬೇಕಾಗುತ್ತದೆ.

ನಮ್ಮ ಹುಡುಗನಿಗೂ ಹಾಗೇ ಮಾಡಿದರು. ತೆಗೆದ ತುಂಡನ್ನು ಕೆಡದಂತೆ ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದಿದ್ದಾರೆ ಎಂದು ತಿಳಿದಾಗ ತಂಗಿ ಕುಸಿದು ಕೂತಳು. ಮೂರು ತಿಂಗಳ ಮೇಲೆ ಅದನ್ನೇ ತೆಗೆದು ತಲೆಗೆ ಕೂರಿಸಿದರು.

ಐಸಿಯು ಬಾಗಿಲಲ್ಲಿ ನನಗೆ ಮೊದಲು ಅರ್ಥವಾದದ್ದು ಒಂದು ಅಂಕಿ. ‘ಜಿಸಿಎಸ್ 7’ ಅಂದರು. ಗ್ಲಾಸ್ಗೋ ಕೋಮಾ ಸ್ಕೇಲ್. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ವೈದ್ಯರು 1974ರಲ್ಲಿ, ಅಂದರೆ ನಾನು ಬ್ಯಾಂಕಿಗೆ ಸೇರಿದ ವರ್ಷವೇ, ಮಾಡಿದ ಲೆಕ್ಕ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಈಗಿನ ಲೆಕ್ಕದಲ್ಲಿ ಒಟ್ಟು 15. ಏನೂ ಮಾಡದಿದ್ದರೂ 3 ಸಿಗುತ್ತದೆ, ಉಳಿತಾಯ ಖಾತೆಯ ಕನಿಷ್ಠ ಬ್ಯಾಲೆನ್ಸಿನ ಹಾಗೆ. 8 ಅಥವಾ ಅದಕ್ಕಿಂತ ಕಡಿಮೆ ಎಂದರೆ ತೀವ್ರ ಪೆಟ್ಟು. ದಿನಾ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ನರ್ಸಮ್ಮನಿಂದ ಆ ಅಂಕಿ ಕೇಳಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. 7, 7, 8, 9, 9, 11. ಹದಿನೆಂಟನೇ ದಿನ 15 ಅಂದರು. ಅಂದು ನಾನು ವಾರ್ಡಿಗೆಲ್ಲ ಧಾರವಾಡ ಪೇಡ ಹಂಚಿದೆ. ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ.

ಹುಡುಗ ಮನೆಗೆ ಬಂದ. ನಡೆಯುತ್ತಿದ್ದ, ಮಾತಾಡುತ್ತಿದ್ದ, ಊಟ ಮಾಡುತ್ತಿದ್ದ. ಡಿಸ್ಚಾರ್ಜ್ ಕಾಗದದಲ್ಲಿ ಮಾತ್ರೆಗಳ ಹೆಸರಿತ್ತು, ಮತ್ತೆ ಯಾವಾಗ ಬರಬೇಕೆಂದಿತ್ತು. ಅವನು ಬೇರೆ ಥರ ಆಗಿರಬಹುದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಅವನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಮೂಳೆ ಕೂರಿಸಿ ಎರಡು ತಿಂಗಳಾಗುತ್ತಿದ್ದಂತೆ ‘ಮನೆಯಲ್ಲಿ ಕೂತರೆ ಜಡ್ಡು ಹಿಡೀತಾನೆ, ಕೆಲಸಕ್ಕೆ ಕಳಿಸು’ ಎಂದು ತಂಗಿಗೆ ಹೇಳಿದವನು ನಾನೇ. ಒಂಬತ್ತನೇ ದಿನ ಒಬ್ಬ ರೈತರಿಗೆ 10,000 ರೂಪಾಯಿ ಎರಡು ಸಲ ಕೊಟ್ಟ. ಸಾಹುಕಾರರು ಕೇಳಿದ್ದಕ್ಕೆ ಲೆಕ್ಕದ ಪುಸ್ತಕವನ್ನೇ ಅವರತ್ತ ಎಸೆದ. ಅವನು ಹಾಗೆ ಮಾಡುವವನೇ ಅಲ್ಲ. ಬಿ.ಕಾಂ. ಓದುವಾಗ ನನ್ನ ಹತ್ತಿರವೇ ಡೆಬಿಟ್ಟು ಕ್ರೆಡಿಟ್ಟು ಕಲಿತವನು, ನಾನು ಗದರಿದರೆ ತಲೆ ತಗ್ಗಿಸುತ್ತಿದ್ದವನು. ಈಗ ಕೂಡುವ ಲೆಕ್ಕದಲ್ಲಿ ಕೈಯಲ್ಲಿದ್ದ ದಶಕ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತಿತ್ತು. ಬೆಳಿಗ್ಗೆ ಏಳುತ್ತಿರಲಿಲ್ಲ. ಎದ್ದರೆ ಸ್ನಾನಕ್ಕೆ ಹೋಗಲು ಹತ್ತು ಸಲ ಹೇಳಬೇಕು. ‘ಸೋಮಾರಿಯಾಗಿದ್ದೀಯ, ಅಮ್ಮನ ಮೇಲೆ ಕರುಣೆ ಇಲ್ಲ ನಿನಗೆ’ ಎಂದು ನಾನು ಬೈದೆ. ಕುಂಕುಮ ಹಚ್ಚಿ ನಿಮಿತ್ತ ಕೇಳಿಸಿದ್ದಾಯಿತು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಇಬ್ಬರು ಹಿರಿಯರು ಬಂದು ಹೇಳಿದರು. ಪುಣ್ಯಕ್ಕೆ ತಂಗಿ ಅದೊಂದನ್ನು ಕೇಳಲಿಲ್ಲ.

ಒಂದು ಮಧ್ಯಾಹ್ನ ಅವನು ತಾಯಿಯ ಮೇಲೆ ಕೈ ಎತ್ತಿದ. ಅವಳು ಫೋನ್ ಮಾಡಿದಾಗ ಅಳುತ್ತಿರಲಿಲ್ಲ. ‘ಅಣ್ಣಾ, ಇವ ನನ್ನ ಮಗ ಅಲ್ಲ ಅನ್ನಿಸ್ತದೆ’ ಅಂದಳು. ನನಗೆ ಕೈಕಾಲು ತಣ್ಣಗಾದದ್ದು ಐಸಿಯು ಬಾಗಿಲಲ್ಲಲ್ಲ, ಆವತ್ತು.

ನಮ್ಮ ಹಳೇ ಬ್ರಾಂಚಿನ ಸಹೋದ್ಯೋಗಿಯೊಬ್ಬರ ಮಗಳು ಹೇಳಿದ ಮೇಲೆ ಅವನನ್ನು ಬೆಂಗಳೂರಿನ ಆಸ್ಪತ್ರೆಯೊಂದರ ಪುನಶ್ಚೇತನ ವಿಭಾಗಕ್ಕೆ ಕರೆದೊಯ್ದೆವು. ಪುನಶ್ಚೇತನ ಎಂದರೆ ಫಿಸಿಯೋಥೆರಪಿ, ಕೈಕಾಲು ಮಡಚಿ ಬಿಡಿಸುವುದು ಎಂದಷ್ಟೇ ನನ್ನ ಕಲ್ಪನೆ. ‘ಇವನ ಕೈಕಾಲು ಸರಿ ಇದೆಯಲ್ಲ ಮೇಡಂ’ ಎಂದೂ ಅಂದೆ. ಅಲ್ಲಿನ ಮುಖ್ಯ ವೈದ್ಯೆ ಹುಡುಗನ ಹಣೆಯನ್ನು ಮೆಲ್ಲಗೆ ಮುಟ್ಟಿ ತೋರಿಸಿದರು. ಪೆಟ್ಟು ಬಿದ್ದದ್ದು ಇಲ್ಲಿ. ಹಣೆಯ ಹಿಂದಿನ ಮಿದುಳಿನ ಭಾಗ ಕೆಲಸ ಶುರುಮಾಡಿಸುತ್ತದೆ, ಮುಂದಿನದನ್ನು ಯೋಚಿಸುತ್ತದೆ, ಸಿಟ್ಟು ಬಂದಾಗ ತಡೆಯುತ್ತದೆ. ಇವನು ಎದ್ದು ಸ್ನಾನಕ್ಕೆ ಹೋಗದಿರುವುದು ಸೋಮಾರಿತನವಲ್ಲ, ಬೈಕಿನ ಕಿಕ್ಕರ್ ಮುರಿದ ಹಾಗೆ. ಸಿಟ್ಟು ಬ್ರೇಕು ಸವೆದ ಹಾಗೆ. ಅವನು ಪಕ್ಕದಲ್ಲೇ ಕೂತು ಇದನ್ನು ಕೇಳುತ್ತಿದ್ದ. ಬೈದದ್ದೆಲ್ಲ ನನಗೆ ಒಂದೊಂದಾಗಿ ನೆನಪಾಗತೊಡಗಿತು.

ಅಲ್ಲಿ ಯಾರ್‍ಯಾರಿದ್ದರು ಎಂದು ಹೇಳಬೇಕು. ಫಿಸಿಕಲ್ ಮೆಡಿಸಿನ್ ವೈದ್ಯೆ, ನರ್ಸುಗಳು, ಫಿಸಿಯೋಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ಮಾತಿನ ಚಿಕಿತ್ಸಕಿ, ಮನಶ್ಶಾಸ್ತ್ರಜ್ಞೆ, ಸಮಾಜ ಕಾರ್ಯಕರ್ತ. ಆಕ್ಯುಪೇಶನಲ್ ಎಂದರೆ ಉದ್ಯೋಗ ಎಂದು ಲೆಕ್ಕಹಾಕಿ, ‘ಇವನಿಗೊಂದು ಕೆಲಸ ಕೊಡಿಸ್ತೀರಾ?’ ಎಂದು ನಾನು ಕೇಳಿಯೂಬಿಟ್ಟೆ. ಆ ಹುಡುಗಿ ನಕ್ಕಳು. ಅವಳ ಕೆಲಸ ದಿನನಿತ್ಯದ ಬದುಕು. ಅಂಗಿಯ ಗುಂಡಿ ಹಾಕುವುದು, ಟೀ ಮಾಡುವುದು, ಅಂಗಡಿಗೆ ಹೋಗಿ ಸಾಮಾನು ತರುವುದು. ಟೀ ಮಾಡಲು ಹದಿಮೂರು ಹಂತಗಳಿವೆ ಎಂದು ನನಗೆ ಅಂದು ಗೊತ್ತಾಯಿತು. ನಮ್ಮ ಹುಡುಗ ಒಲೆ ಹಚ್ಚಿ, ನೀರಿಟ್ಟು, ಸಕ್ಕರೆ ಹಾಕಿ, ಪುಡಿ ಹಾಕುವುದನ್ನು ಬಿಟ್ಟು ಸೋಸಿದ.

ಮಾತಿನ ಚಿಕಿತ್ಸಕಿ ನೋಡಿಕೊಳ್ಳುವುದು ಮಾತನ್ನು ಮಾತ್ರವಲ್ಲ, ನುಂಗುವುದನ್ನೂ. ತಲೆಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ನೀರು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗುತ್ತದೆ. ಅಂಥವರಿಗೆ ನೀರಿಗಿಂತ ಗಟ್ಟಿ ಗಂಜಿಯೇ ಸುಲಭ. ‘ಬರೀ ನೀರಲ್ವಾ’ ಎಂದು ಅಜ್ಜಿಯಂದಿರು ಕುಡಿಸಲು ಹೋಗುವುದು ಎಷ್ಟು ಅಪಾಯ ಎಂದು ಆಕೆ ದಿನವೂ ಯಾರಿಗಾದರೂ ಹೇಳುತ್ತಲೇ ಇರುತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ಉತ್ತರ ಕರ್ನಾಟಕದ ಒಬ್ಬ ಮೇಷ್ಟ್ರಿದ್ದರು. ಎಡಭಾಗಕ್ಕೆ ಪೆಟ್ಟು. ನೀರು ಬೇಕು ಅನ್ನಲು ಮಾತು ಸಿಗುತ್ತಿರಲಿಲ್ಲ, ಕೈ ಆಡಿಸಿ ಒದ್ದಾಡುತ್ತಿದ್ದರು. ಆದರೆ ‘ಎರಡೊಂದ್ಲ’ ಎಂದು ಶುರುಮಾಡಿಸಿದರೆ ಮಗ್ಗಿ ನಿಲ್ಲದೆ ಬರುತ್ತಿತ್ತು! ಬಾಯಿಪಾಠವಾದದ್ದು, ಹಾಡು, ಪ್ರಾರ್ಥನೆ, ಇವುಗಳಿಗೆ ಮಿದುಳಿನಲ್ಲಿ ಮಾತಿನ ಹಾದಿಯಲ್ಲದೆ ಬೇರೆ ಹಾದಿಯೂ ಇದೆಯಂತೆ.

ಇದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ ಅಮೆರಿಕದ ಗ್ಯಾಬ್ರಿಯೆಲ್ ಗಿಫರ್ಡ್ಸ್. ಅರಿಝೋನಾದಿಂದ ಆಯ್ಕೆಯಾದ ಸಂಸತ್ ಸದಸ್ಯೆ. 2011ರ ಜನವರಿ 8ರಂದು ಟೂಸಾನ್ ನಗರದಲ್ಲಿ ಅಂಗಡಿಯೊಂದರ ಮುಂದೆ ಜನರ ಅಹವಾಲು ಕೇಳುತ್ತಿದ್ದಾಗ ಒಬ್ಬ ಗುಂಡು ಹಾರಿಸಿದ. 9 ವರ್ಷದ ಬಾಲಕಿಯೂ ಸೇರಿ 6 ಜನ ಸತ್ತರು. ಗಿಫರ್ಡ್ಸ್ ಅವರ ಮಿದುಳಿನ ಎಡಭಾಗದ ಮೂಲಕ ಗುಂಡು ಹಾದುಹೋಯಿತು. ಅವರಿಗೂ ಬುರುಡೆಯ ತುಂಡು ತೆಗೆದಿಟ್ಟರು. ಅದೇ ತಿಂಗಳೊಳಗೆ ಅವರನ್ನು ಹ್ಯೂಸ್ಟನ್ನಿನ ಪುನಶ್ಚೇತನ ಆಸ್ಪತ್ರೆಗೆ ಸಾಗಿಸಿದರು. ನಡಿಗೆ ಕಲಿಸುವವರು, ಕೈಗೆಲಸ ಕಲಿಸುವವರು, ಮಾತು ಕಲಿಸುವವರು, ಜೊತೆಗೆ ಸಂಗೀತ ಚಿಕಿತ್ಸಕಿ. ಮಾತು ತಡವರಿಸಿದಲ್ಲಿ ರಾಗ ಹಾಕಿ ಹೇಳಿಸಿದರು. ಜೂನ್‌ನಲ್ಲಿ ಆಸ್ಪತ್ರೆಯಿಂದ ಹೊರಬಂದರು, ಆಗಸ್ಟ್‌ನಲ್ಲಿ ಸಂಸತ್ತಿಗೆ ಹೋಗಿ ಒಂದು ಮತ ಹಾಕಿದರು, 2012ರ ಜನವರಿಯಲ್ಲಿ ಗುಣಮುಖರಾಗುವ ಕಡೆ ಗಮನ ಕೊಡಲೆಂದು ಸದಸ್ಯತ್ವ ಬಿಟ್ಟರು. ಅವರ ಮಾತು ಪೂರ್ತಿ ಮರಳಲಿಲ್ಲ. ಇಷ್ಟು ವರ್ಷವಾದರೂ ಚಿಕ್ಕ ಚಿಕ್ಕ ವಾಕ್ಯಗಳಲ್ಲೇ ಮಾತಾಡುತ್ತಾರೆ, ಅಭ್ಯಾಸ ಬಿಟ್ಟಿಲ್ಲ. ಅಷ್ಟು ದುಡ್ಡು, ಅಷ್ಟು ಸೌಕರ್ಯ ಇರುವ ದೇಶದಲ್ಲೂ ಇಷ್ಟೇ ಎಂದು ತಿಳಿದಾಗ ನನಗೆ ವಿಚಿತ್ರವಾಗಿ ಸಮಾಧಾನವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆರೇಳು ಬಗೆಯ ತಜ್ಞರು ದೊಡ್ಡ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತಾರೆ. ಒಬ್ಬೊಬ್ಬರ ಕೋಣೆಗೆ ಹೋಗಿ ಚೀಟಿ ಬರೆಸಿಕೊಂಡು ಬರಬಹುದು. ಕಂಪ್ಯೂಟರ್ ಬರುವ ಮೊದಲಿನ ನಮ್ಮ ಬ್ಯಾಂಕಿನಲ್ಲಿ ಲೆಡ್ಜರ್ ಗುಮಾಸ್ತನದ್ದು ಒಂದು ಪುಸ್ತಕ, ಕ್ಯಾಷಿಯರನದ್ದು ಒಂದು, ಸ್ಕ್ರೋಲು ಬರೆಯುವವನದ್ದು ಇನ್ನೊಂದು. ಪ್ರತಿಯೊಬ್ಬರೂ ತಮ್ಮ ಪುಸ್ತಕ ಸರಿ ಇದೆ ಅನ್ನುತ್ತಿದ್ದರು. ಸಂಜೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ವೋಚರ್ ಹರಡಿ ಡೇಬುಕ್ ಬರೆದಾಗಲೇ 90 ರೂಪಾಯಿ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತಿತ್ತು. ಆ ಪುನಶ್ಚೇತನ ವಿಭಾಗದಲ್ಲಿ ನಾನು ಕಂಡದ್ದು ಅದೇ ಮೇಜನ್ನು. ಪ್ರತಿ ಬುಧವಾರ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು, ಮನೆಯವರನ್ನೂ ರೋಗಿಯನ್ನೂ ಕೂರಿಸುತ್ತಿದ್ದರು.

ಮೊದಲ ಬುಧವಾರ ವೈದ್ಯೆ ಅವನನ್ನೇ ಕೇಳಿದರು: ‘ನಿನಗೆ ಏನು ಬೇಕಪ್ಪ?’ ಲೆಕ್ಕ ಬರಬೇಕು, ಕೆಲಸ ಬೇಕು ಅನ್ನುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಮೇಜು ನೋಡುತ್ತಾ ಕೂತ. ಆಮೇಲೆ ‘ಅಮ್ಮನಿಗೆ ನನ್ನ ಕಂಡರೆ ಹೆದರಿಕೆ ಆಗಬಾರದು’ ಅಂದ.

ತಂಗಿ ಎದ್ದು ಹೊರಗೆ ಹೋದಳು. ವೈದ್ಯೆ ಅದನ್ನೇ ಫೈಲಿನ ಮೊದಲ ಪುಟದಲ್ಲಿ, ಅವನ ಮಾತಿನಲ್ಲೇ, ಬರೆದುಕೊಂಡರು.

ಮುಂದಿನ ಬುಧವಾರದ ಮೇಜಿನಲ್ಲಿ ಹೀಗಾಯಿತು. ರಾತ್ರಿ ಎರಡು ಗಂಟೆಯವರೆಗೆ ಇವನು ಮಲಗುವುದಿಲ್ಲ ಎಂದು ನರ್ಸ್ ಹೇಳಿದರು. ಮಧ್ಯಾಹ್ನ ಮೂರರ ನಂತರ ವ್ಯಾಯಾಮ ಮಾಡಿಸಿದರೆ ತೂರಾಡುತ್ತಾನೆ, ದಣಿವು ವಿಪರೀತ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು. ಎರಡು ಸದ್ದು ಒಟ್ಟಿಗೆ ಬಂದರೆ ಇವನಿಗೆ ತಾಳಲಾಗದು ಎಂದು ಆಕ್ಯುಪೇಶನಲ್ ಥೆರಪಿಸ್ಟ್ ಗಮನಿಸಿದ್ದಳು. ಸಮಾಜ ಕಾರ್ಯಕರ್ತ ನಮ್ಮ ತಂಗಿಯ ಹತ್ತಿರ ಕೂತು ಜಗಳವಾದ ದಿನಗಳನ್ನೆಲ್ಲ ಬರೆಸಿಕೊಂಡಿದ್ದ. ಹೆಚ್ಚಿನವು ಮಧ್ಯಾಹ್ನ ಮೂರರಿಂದ ಐದರೊಳಗೆ, ಟಿವಿಯಲ್ಲಿ ಧಾರಾವಾಹಿ ಓಡುತ್ತಾ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಾ ಇರುವಾಗ. ಫಿಟ್ಸ್ ಬಾರದಿರಲೆಂದು ಕೊಡುತ್ತಿದ್ದ ಮಾತ್ರೆಯೊಂದು ಕೆಲವರಲ್ಲಿ ಸಿಡುಕು ಹೆಚ್ಚಿಸುತ್ತದೆ ಎಂದು ವೈದ್ಯೆ ನೆನಪಿಸಿ, ಬದಲಿಸಿ ನೋಡೋಣ ಅಂದರು. (ಓದುಗರು ದಯವಿಟ್ಟು ಇದನ್ನು ನೋಡಿ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ.) ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಣುಕಿತ್ತು, ಯಾರೊಬ್ಬರ ಕೈಯಲ್ಲೂ ಪೂರ್ತಿ ಇರಲಿಲ್ಲ. ‘ಮನೋರೋಗ’ ಎಂದು ನಾವು ಹೆದರಿದ್ದರಲ್ಲಿ ಅರ್ಧಕ್ಕರ್ಧ ನಿದ್ದೆ, ದಣಿವು, ಕುಕ್ಕರಿನ ಸೀಟಿ, ಮಾತ್ರೆ!

ಉಳಿದರ್ಧ ಪೆಟ್ಟಿನದ್ದೇ. ಅದಕ್ಕೆ ಮನಶ್ಶಾಸ್ತ್ರಜ್ಞೆ ಕೆಲಸ ಮಾಡಿದರು. ಸಿಟ್ಟು ಏರುವ ಮೊದಲು ದೇಹ ಏನು ಹೇಳುತ್ತದೆ ಎಂದು ಅವನಿಂದಲೇ ಗುರುತಿಸಿದರು. ಅವನಿಗೆ ಕಿವಿ ಬಿಸಿಯಾಗುತ್ತದೆ. ಕಿವಿ ಬಿಸಿಯಾದರೆ ‘ಬರ್ತೀನಿ’ ಎಂದಷ್ಟೇ ಹೇಳಿ ಹಿತ್ತಲಿಗೆ ಹೋಗಬೇಕು, ಯಾರೂ ಹಿಂದೆ ಹೋಗಬಾರದು, ‘ಎಲ್ಲಿಗೆ ಹೊರಟೆ’ ಎಂದು ಕೇಳಬಾರದು. ಈ ಪಾಠ ಅವನಿಗಿಂತ ನಮಗೇ ಕಷ್ಟವಾಯಿತು. ನೆನಪಿಗೆ ಒಂದು ಜೇಬುಪುಸ್ತಕ. ಅದರಲ್ಲಿ ಆಗಲೇ ಬರೆಯಬೇಕು, ಆಮೇಲೆ ಎಂದಿಲ್ಲ. ತಪ್ಪು ಉತ್ತರ ಊಹಿಸಲು ಬಿಡದೆ, ಮೊದಲೇ ಸರಿ ಉತ್ತರ ತೋರಿಸಿ ಅದನ್ನೇ ಮತ್ತೆ ಮತ್ತೆ ಹೇಳಿಸಿದರು. ನೆನಪು ಕೆಟ್ಟವರಿಗೆ ಒಮ್ಮೆ ಹೇಳಿದ ತಪ್ಪೇ ಗಟ್ಟಿಯಾಗಿ ಕೂತುಬಿಡುತ್ತದಂತೆ. ‘ಯೋಚಿಸಿ ಹೇಳು, ಯೋಚಿಸಿ ಹೇಳು’ ಎಂದು ನಾವು ವರ್ಷವಿಡೀ ಪೀಡಿಸಿದ್ದು ಪೂರಾ ಉಲ್ಟಾ.

ಕ್ಯಾಲಿಫೋರ್ನಿಯಾದ ರ್‍ಯಾಂಚೊ ಲಾಸ್ ಅಮಿಗೋಸ್ ಎಂಬ ಆಸ್ಪತ್ರೆಯವರು ಚೇತರಿಕೆಯನ್ನು 8 ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೆಯ ಮೆಟ್ಟಿಲು ಗೊಂದಲ ಮತ್ತು ಕೆರಳುವಿಕೆ. ಟ್ಯೂಬು ಕೀಳುವುದು, ನರ್ಸಿಗೆ ಹೊಡೆಯುವುದು, ಹೆಂಡತಿಯನ್ನೇ ಬೈಯುವುದು. ಬಾಹ್ಯಕ್ಕೆ ಹದಗೆಟ್ಟಂತೆ ಕಾಣುವ ಇದು ಮೂರನೆಯದರಿಂದ ಮೇಲೇರಿದ ಗುರುತು. ವಾರ್ಡಿನಲ್ಲಿ ಹೊಸದಾಗಿ ಬಂದ ಒಬ್ಬ ತಾಯಿಗೆ ಇದನ್ನು ನನ್ನ ತಂಗಿಯೇ ವಿವರಿಸುತ್ತಿದ್ದುದನ್ನು ಒಂದು ದಿನ ಕೇಳಿಸಿಕೊಂಡೆ.

ಎಂಟು ವಾರ ಅಲ್ಲಿದ್ದೆವು. ಆಮೇಲೆ ತಿಂಗಳಿಗೊಮ್ಮೆ ಹೋಗುವುದು, ನಡುವೆ ವಿಡಿಯೊ ಕರೆ. ಸಮಾಜ ಕಾರ್ಯಕರ್ತ ಮಂಡಿಯ ಸಾಹುಕಾರರಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ. ಏನು ಮಾತಾಡಿದನೋ, ಅವರು ಕರೆದು ಅರ್ಧ ದಿನದ ಕೆಲಸ ಕೊಟ್ಟರು. ನಗದು ಮುಟ್ಟುವಂತಿಲ್ಲ, ತೂಕದ ಚೀಟಿ ಬರೆಯುವುದು ಮಾತ್ರ. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೆಂದೇ ವಿಭಾಗವಿದೆ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಕಳೆದುಕೊಂಡವರಿಗೆ ಚಿಕಿತ್ಸೆಯಿದೆ. ಆದರೆ ನಮ್ಮಂಥ ಊರುಗಳಿಂದ ಅವು ದೂರ. ಎಂಟು ವಾರ ಒಬ್ಬರು ಕೆಲಸ ಬಿಟ್ಟು ಜೊತೆಗಿರಬೇಕು. ಪಿಂಚಣಿ ಬರುವ ಸೋದರಮಾವ ಎಲ್ಲರಿಗೂ ಇರುವುದಿಲ್ಲ. ಜಿಲ್ಲೆಗೊಂದಾದರೂ ಅಂಥ ಮೇಜು ಬೇಕು ಎಂದು ನನಗೆ ಅನ್ನಿಸುತ್ತದೆ.

ಮಕ್ಕಳೂ ಈ ಪತ್ರಿಕೆ ಓದುವುದರಿಂದ ಎರಡು ಮಾತು. ಆಟದಲ್ಲಿ ತಲೆಗೆ ಪೆಟ್ಟಾದರೆ ಅಪ್ಪ ಬೈಯುತ್ತಾರೆಂದು ಮುಚ್ಚಿಡಬೇಡಿ, ಅಂದೇ ಮತ್ತೆ ಆಟಕ್ಕಿಳಿಯಬೇಡಿ. ಪದೇ ಪದೇ ವಾಂತಿ, ಏರುತ್ತಲೇ ಇರುವ ತಲೆನೋವು, ಎಬ್ಬಿಸಿದರೂ ಏಳದಂಥ ನಿದ್ದೆ, ಫಿಟ್ಸ್, ಮೂಗು ಕಿವಿಯಿಂದ ನೀರು ಅಥವಾ ರಕ್ತ ಕಂಡರೆ ದೊಡ್ಡವರು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರಸ್ತೆಯಲ್ಲಿ ಬಿದ್ದವರಿಗೆ ಪ್ರಜ್ಞೆ ಇಲ್ಲದಿದ್ದರೆ ನೀರು ಕುಡಿಸಬೇಡಿ, 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರಿಗೆ ತೊಂದರೆ ಆಗದಂತೆ 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ರಕ್ಷಣೆಯಿದೆ. 4 ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಎಂದು ಹೇಳುವುದೂ ಅದೇ ತಿದ್ದುಪಡಿ. ಬಕಲ್ ಹಾಕದ ಹೆಲ್ಮೆಟ್ ಬಿದ್ದ ಕೂಡಲೇ ಹಾರಿಹೋಗುತ್ತದೆ, ಅದು ಟ್ಯಾಂಕಿನ ಮೇಲಿದ್ದರೂ ಒಂದೇ, ತಲೆಯ ಮೇಲಿದ್ದರೂ ಒಂದೇ.

ಹುಡುಗನಿಗೆ ಈಗ 35 ದಾಟಿದೆ. ಬೈಕು ಬಿಟ್ಟಿದ್ದಾನೆ, ಬಸ್ಸಿನಲ್ಲಿ ಓಡಾಡುತ್ತಾನೆ. ದೊಡ್ಡ ಲೆಕ್ಕ ಬರುವುದಿಲ್ಲ, ಬರುವುದೂ ಇಲ್ಲವೇನೋ. ತಂಗಿ ಮಧ್ಯಾಹ್ನ ಟಿವಿ ಹಾಕುವುದಿಲ್ಲ. ಕೈ ಎತ್ತಿದ್ದು ಅದೊಂದೇ ಸಲ, ಮತ್ತೆ ಆಗಲಿಲ್ಲ. ಹಿತ್ತಲಿಗೆ ಹೋಗಿ ನಿಂತದ್ದು ಮಾತ್ರ ಎಷ್ಟೋ ಸಲ. ವಾಸನೆ ಅವನಿಗೆ ಆವತ್ತಿನಿಂದ ಇಲ್ಲ. ಹಣೆಗೆ ಪೆಟ್ಟು ಬಿದ್ದಾಗ ವಾಸನೆಯ ಸಣ್ಣ ನರಗಳು ಕತ್ತರಿಸಿಹೋಗುವುದುಂಟು. ಗ್ಯಾಸ್ ಸೋರಿದರೆ ಕೂಗುವ ಪೆಟ್ಟಿಗೆಯೊಂದನ್ನು ಅಡುಗೆಮನೆಯಲ್ಲಿ ಹಾಕಿಸಿದ್ದೇವೆ.

ಕಳೆದ ಹಲಸಿನ ಕಾಲದಲ್ಲಿ ನಮ್ಮ ಮನೆಗೆ ಬಂದಿದ್ದ. ಹಣ್ಣಿನ ಕಡುಬು ಮೂರು ತಿಂದು ಕೈ ತೊಳೆದು ಬಂದು ಜೇಬುಪುಸ್ತಕ ತೆಗೆದ. ‘ಮಾವ, ಇದಕ್ಕೆ ಏಲಕ್ಕಿ ಹಾಕಿದ್ರಾ?’ ಅಂದ. ‘ಹಾಕಿದ್ದಾಳೆ ನಿಮ್ಮತ್ತೆ’ ಅಂದೆ. ತಾರೀಖು ಹಾಕಿ, ‘ಮಾವನ ಮನೆ, ಕಡುಬು, ಏಲಕ್ಕಿ ಹಾಕಿದ್ದರು’ ಎಂದು ಬರೆದುಕೊಂಡ.